ಕುರುಹಿನ ಹಿಂದಣ ಅರಿವು

ಅರಿವು, ಕುರುಹು ಎಂಬ ಎರಡು ಪದಗಳು ಶರಣ ಸಾಹಿತ್ಯದ ಪರಿಚಯವುಳ್ಳವರಿಗೆ ಹೊಸವಲ್ಲ. ಕಣ್ಣಿಗೆ ಕಾಣದ ಅರಿವಿಗೆ ಕಣ್ಣಿಗೆ ಕಾಣುವ ಒಂದು ಆಧಾರ ಬೇಕು. ಆ ಆಧಾರವೇ ಕುರುಹು. ಅಂಗೈಯಲ್ಲಿ ಇರಿಸಿಕೊಂಡು ನೋಡುವ ಇಷ್ಟಲಿಂಗವನ್ನು ಹಿರಿಯರು ಅರಿವಿನ ಕುರುಹೆಂದು ಕರೆದುದು ಇದೇ ಅರ್ಥದಲ್ಲಿ. ಕುರುಹನ್ನು ಹಿಡಿದು ಅರಿವನ್ನು ಮರೆತವನು, ದಾರಿ ತೋರುವ ಮೈಲಿಗಲ್ಲನ್ನೇ ತಬ್ಬಿ ಕುಳಿತು ಊರನ್ನು ಸೇರದೆ ಹೋದವನಂತೆ. ಈ ಮಾತು ಪೂಜೆಗೆ ಮಾತ್ರ ಸಲ್ಲತಕ್ಕದ್ದಲ್ಲ, ಮನುಷ್ಯನು ಗೆರೆ ಎಳೆದು ಅರ್ಥವನ್ನು ಹಿಡಿಯಲು ಹವಣಿಸುವ ಎಲ್ಲ ಎಡೆಗಳಿಗೂ ಸಲ್ಲತಕ್ಕದ್ದು. ಈ ತಿಂಗಳು ಅದನ್ನು ಒಂದು ಲೌಕಿಕ ವಿದ್ಯೆಯ ಸಂದರ್ಭದಲ್ಲಿ ಪರಿಶೀಲಿಸಬೇಕಾಗಿ ಬಂದಿದೆ.

ಅದಕ್ಕೆ ಕಾರಣ ಓದುಗರೊಬ್ಬರ ಪತ್ರ. ತಲೆತಲಾಂತರದಿಂದ ಕಾಳುಕಡಿಯ ವ್ಯಾಪಾರ ಮಾಡಿಕೊಂಡು ಬಂದ ಸದ್ಭಕ್ತ ಮನೆತನ ಅವರದು. ಹಿರಿಯ ಮಗಳು ವಿನ್ಯಾಸ ವಿದ್ಯೆಯ ನಾಲ್ಕು ವರ್ಷದ ಪದವಿಯಲ್ಲಿ ಮೂರನೆಯ ವರ್ಷ ಓದುತ್ತಿದ್ದಾಳೆ. ಬ್ಯಾಂಕಿನಲ್ಲಿ ಸಾಲ ಮಾಡಿ ಶುಲ್ಕ ಕಟ್ಟಿದ್ದಾರೆ. ಕಂಪ್ಯೂಟರನ್ನೂ, ಅದಕ್ಕೆ ಜೋಡಿಸಿ ಲೇಖನಿಯಿಂದ ಬರೆಯುವ ಹಲಗೆಯನ್ನೂ ಕೊಡಿಸಿದ್ದಾರೆ. "ರಾತ್ರಿ ಎರಡು ಗಂಟೆಯವರೆಗೆ ಬೊಂಬೆಗಳನ್ನು ಬರೆಯುತ್ತಾಳೆ. ನೆಂಟರು ನಗುತ್ತಾರೆ. ವರನ ಕಡೆಯವರು ಬಂದು ಹುಡುಗಿ ಏನು ಓದುತ್ತಾಳೆಂದು ಕೇಳಿದರೆ ನಮ್ಮ ಬಾಯಿಗೆ ಉತ್ತರ ಬರುವುದಿಲ್ಲ. ಇದು ವಿದ್ಯೆಯೋ, ವಿನೋದವೋ? ಇದರಲ್ಲಿ ಕಾಯಕವೆಂಬುದು ಇದೆಯೇ?" ಎಂದು ಅವರು ಕೇಳಿದ್ದಾರೆ. ಪತ್ರದೊಡನೆ ಮಗಳ ಮೂರು ವರ್ಷದ ಚಿತ್ರಗಳ ದೊಡ್ಡ ಕಟ್ಟನ್ನೂ, ಪ್ರತಿಯೊಂದರ ಹಿಂದೆ ಆಕೆಯೇ ಬರೆದ ಟಿಪ್ಪಣಿಗಳನ್ನೂ ಕಳುಹಿಸಿದ್ದಾರೆ. ಇಂತಹ ಪ್ರಶ್ನೆ ಇಂದು ಒಂದು ಮನೆಯದಲ್ಲ. ಆದುದರಿಂದ ಉತ್ತರವನ್ನು ಎಲ್ಲರೆದುರು ಬರೆಯುವುದು ಉಚಿತವೆಂದು ತೋರಿತು.

ಮೊದಲಿಗೆ ಈ ವಿದ್ಯೆಯ ಹಿನ್ನೆಲೆ. ಭಾರತ ಸರ್ಕಾರದ ಕೋರಿಕೆಯಂತೆ ಅಮೆರಿಕದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿಗಳು ನಮ್ಮ ದೇಶದಲ್ಲಿ ಸಂಚರಿಸಿ 1958ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ದೇಶದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಅವರು ಅತಿ ಹೆಚ್ಚಾಗಿ ಕೊಂಡಾಡಿದ್ದು ಯಾವ ಅರಮನೆಯನ್ನೂ ಅಲ್ಲ, ನಮ್ಮ ಅಡುಗೆಮನೆಯ ತಂಬಿಗೆಯನ್ನು! ಅದರ ಹೊಟ್ಟೆಯ ಉಬ್ಬು, ಕುತ್ತಿಗೆಯ ಅಳತೆ, ಕೈಗೆ ಕೂರುವ ಬಗೆ, ನೀರು ಸುರಿಯುವ ರೀತಿ, ತೊಳೆಯುವ ಸುಲಭ, ಇವನ್ನೆಲ್ಲ ಯಾವನೋ ಒಬ್ಬನು ಕುಳಿತು ಯೋಚಿಸಿದ್ದಲ್ಲ, ತಲೆಮಾರುಗಳ ಅನುಭವವೇ ತಿದ್ದಿದ್ದು ಎಂಬುದು ಅವರ ಅಭಿಪ್ರಾಯವಾಗಿತ್ತು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. 1969ರಲ್ಲಿ ಮುಂಬಯಿಯ ಐಐಟಿಯಲ್ಲಿ ಕೈಗಾರಿಕಾ ವಿನ್ಯಾಸ ಕೇಂದ್ರ ಪ್ರಾರಂಭವಾಯಿತು. ಅರವತ್ತು ವರ್ಷ ಮೀರಿದ ಶಿಕ್ಷಣ ಪರಂಪರೆಯುಳ್ಳ ವಿದ್ಯೆಯನ್ನು ನಿನ್ನೆಯ ಹುಚ್ಚೆಂದು ಕರೆಯಲಾಗದು.

ಇನ್ನು ಈ ವಿದ್ಯಾರ್ಥಿನಿಯ ಪ್ರಗತಿ. ಮೊದಲ ವರ್ಷದ ಹಾಳೆಗಳನ್ನು ನೋಡಿದರೆ ತಂದೆಯ ಆತಂಕಕ್ಕೆ ಕಾರಣವಿಲ್ಲದಿಲ್ಲ ಎನಿಸುತ್ತದೆ. ಜಪಾನಿನ ಚಿತ್ರಕಥೆಗಳ ಅಗಲ ಕಣ್ಣಿನ ಬಾಲೆಯರು, ಅಮೆರಿಕದ ಸಾಹಸ ಕಥೆಗಳ ಉಬ್ಬಿದ ತೋಳಿನ ವೀರರು, ಎಲ್ಲವೂ ಅನುಕರಣೆ. ಆದರೆ ಅನುಕರಣೆಯನ್ನು ಹಳಿಯಬೇಕಾದುದಿಲ್ಲ. ಮರಳಿನ ಮೇಲೆ ಗುರು ಬರೆದ ಅಕ್ಷರದ ಮೇಲೆಯೇ ಬೆರಳಾಡಿಸಿ ತಿದ್ದಿದ ಮಗುವಲ್ಲವೇ ಮುಂದೆ ತನ್ನದೇ ಕೈಬರಹವನ್ನು ಕಂಡುಕೊಳ್ಳುವುದು? ತಿದ್ದುವುದು ಮೊದಲ ಮೆಟ್ಟಿಲು. ಅದರ ಮೇಲೆಯೇ ಕುಳಿತುಬಿಟ್ಟರೆ ಮಾತ್ರ ದೋಷ.

ಎರಡನೆಯ ವರ್ಷದ ಹಾಳೆಗಳಲ್ಲಿ ಒಂದು ವಿಶೇಷ ಕಾಣುತ್ತದೆ. ಪಾತ್ರಗಳಿಗೆ ಮುಖವಿಲ್ಲ, ಉಡುಗೆಯ ಬಣ್ಣವಿಲ್ಲ, ಬರಿಯ ಕಪ್ಪು ಆಕೃತಿಗಳು. ಒಂದು ಪಾತ್ರವನ್ನು ಸಂಪೂರ್ಣ ಕಪ್ಪು ಬಳಿದು ದೂರದಿಂದ ನೋಡಿದಾಗಲೂ ಇಂಥವನೇ ಎಂದು ಗುರುತು ಸಿಗಬೇಕು, ಸಿಗದಿದ್ದರೆ ಬಣ್ಣ ಹಚ್ಚಿ ಪ್ರಯೋಜನವಿಲ್ಲ ಎಂಬುದು ಪಾತ್ರ ವಿನ್ಯಾಸದ ಮೊದಲ ಪರೀಕ್ಷೆ. ತೊಗಲು ಗೊಂಬೆಯಾಟವನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಪರದೆಯ ಮೇಲೆ ನೆರಳು ಮೂಡಿದೊಡನೆ ಹತ್ತು ತಲೆಯವನು ಯಾರು, ಬಾಲವುಳ್ಳವನು ಯಾರೆಂದು ಮಕ್ಕಳೂ ಕೂಗುತ್ತಾರೆ. ನಮ್ಮ ಕಲಾವಿದರು ಶತಮಾನಗಳಿಂದ ಬಲ್ಲ ಗುಟ್ಟನ್ನೇ ಈಗ ಕಂಪ್ಯೂಟರಿನ ಮುಂದೆ ಕುಳಿತವರು ಕಲಿಯುತ್ತಿದ್ದಾರೆ. ಅದೇ ಪಾತ್ರವನ್ನು ಎದುರಿನಿಂದ, ಮಗ್ಗುಲಿನಿಂದ, ಬೆನ್ನಿನಿಂದ ಬರೆಯಬೇಕು. ನಗು, ಕೋಪ, ಅಳು, ಬೇಸರಗಳಲ್ಲಿ ಬರೆಯಬೇಕು. ಎಲ್ಲೆಡೆಯೂ ಅವನು ಅವನೇ ಆಗಿರಬೇಕು. ಒಂದು ಪಾತ್ರಕ್ಕೆ ನಲವತ್ತು ಐವತ್ತು ಹಾಳೆಗಳು ಹಿಡಿದಿವೆ. ಅಪ್ಪನಿಗೆ ರಾತ್ರಿ ಎರಡು ಗಂಟೆಯ ದೀಪ ಕಂಡಿದೆ. ಈ ಹಾಳೆಗಳ ಲೆಕ್ಕ ಕಂಡಿಲ್ಲ.

ಕೊರತೆಯೇ ಈ ವಿದ್ಯೆಯಲ್ಲಿ ಹಲವೊಮ್ಮೆ ಗುರುವಾಗುತ್ತದೆ. ಜಪಾನಿನ ಶಿಗೆರು ಮಿಯಾಮೊಟೊ ಎಂಬವರು ಕನಾಜಾವಾದ ಕಲಾ ವಿದ್ಯಾಲಯದಲ್ಲಿ ಓದಿ, ನಿಂಟೆಂಡೊ ಸಂಸ್ಥೆಯನ್ನು ಸೇರಿ, 1981ರಲ್ಲಿ ಒಂದು ಕಂಪ್ಯೂಟರ್ ಆಟಕ್ಕೆ ಬಡಗಿಯ ಪಾತ್ರವೊಂದನ್ನು ರಚಿಸಿದರು. ಆಗಿನ ಯಂತ್ರಗಳಲ್ಲಿ ಒಂದು ಪಾತ್ರಕ್ಕೆ ದೊರೆಯುತ್ತಿದ್ದುದು ಉದ್ದಗಲಗಳಲ್ಲಿ ಸುಮಾರು 16 ಚುಕ್ಕಿಗಳಷ್ಟೇ ಜಾಗ. ಅಷ್ಟರಲ್ಲಿ ಕೂದಲನ್ನು ತೋರಿಸುವುದು ಕಷ್ಟ. ಆದುದರಿಂದ ಟೋಪಿ ಹಾಕಿದರು. ಬಾಯಿಯನ್ನು ತೋರಿಸುವುದು ಕಷ್ಟ. ಆದುದರಿಂದ ದಪ್ಪ ಮೂಗಿನ ಕೆಳಗೆ ಮೀಸೆ ಇಟ್ಟರು. ಕೈಯ ಚಲನೆ ಮೈಯಿಂದ ಬೇರೆಯಾಗಿ ಕಾಣಬೇಕು. ಆದುದರಿಂದ ಕೆಲಸಗಾರರು ತೊಡುವ ಪಟ್ಟಿ ಉಡುಪನ್ನು ತೊಡಿಸಿದರು. ಮುಂದೆ ಮಾರಿಯೊ ಎಂಬ ಹೆಸರಿನಿಂದ ಲೋಕದ ಮಕ್ಕಳೆಲ್ಲ ಬಲ್ಲ ಪಾತ್ರ ಹುಟ್ಟಿದ್ದು ಹೀಗೆ. ಅಲ್ಲಿ ಅಲಂಕಾರಕ್ಕೆಂದು ಇಟ್ಟ ಚುಕ್ಕಿ ಒಂದೂ ಇಲ್ಲ. ಪ್ರತಿಯೊಂದು ಚುಕ್ಕಿಗೂ ಒಂದು ಕೆಲಸವಿದೆ.

ಮೂರನೆಯ ವರ್ಷದಲ್ಲಿ ಆಕೆ ಕೈಗೆತ್ತಿಕೊಂಡುದು ಅಂಬಿಗರ ಚೌಡಯ್ಯನವರನ್ನು. ಮಕ್ಕಳಿಗಾಗಿ ಶರಣರ ಕಥೆಗಳನ್ನು ಚಲಿಸುವ ಚಿತ್ರಗಳಾಗಿ ಮಾಡಬೇಕೆಂಬುದು ಆಕೆಯ ಹಂಬಲ. ಮೊದಲ ಚಿತ್ರದಲ್ಲಿ ಚೌಡಯ್ಯನವರು ಮಲ್ಲಯುದ್ಧದ ಜಟ್ಟಿಯಂತೆ ಎದೆಯುಬ್ಬಿಸಿ ನಿಂತಿದ್ದಾರೆ. ಅದನ್ನು ನೋಡಿದ ಅಧ್ಯಾಪಕರು ಒಂದೇ ಪ್ರಶ್ನೆ ಕೇಳಿದರಂತೆ: "ಈ ಮನುಷ್ಯ ಎಂದಾದರೂ ಹುಟ್ಟು ಹಾಕಿದ್ದಾನೆಯೇ?" ಹುಡುಗಿ ನಿರುತ್ತರಳಾದಳು. ರಜೆಯಲ್ಲಿ ತುಂಗಭದ್ರೆಯ ದಡಕ್ಕೆ ಹೋಗಿ ಹರಿಗೋಲು ನಡೆಸುವವರನ್ನು ದಿನಗಟ್ಟಲೆ ನೋಡುತ್ತ ಕುಳಿತಳು. ಅನಂತರದ ಹಾಳೆಗಳಲ್ಲಿ ಬದಲಾವಣೆ ಸ್ಪಷ್ಟವಾಗಿದೆ. ಭಾರವೆಲ್ಲ ಹಿಂದಿನ ಕಾಲಿನ ಮೇಲಿದೆ, ಒಂದು ಭುಜ ಇನ್ನೊಂದಕ್ಕಿಂತ ತುಸು ಇಳಿದಿದೆ, ನೀರಿನ ಮೇಲಣ ಬಿಸಿಲಿಗೆ ಕಣ್ಣು ಕಿರಿದಾಗಿದೆ, ದೃಷ್ಟಿ ಮಾತ್ರ ಆಚೆ ದಡದಲ್ಲಿದೆ. ಆಮೇಲೆ ಆಕೆ ಚೌಡಯ್ಯನವರ ವಚನಗಳನ್ನು ಓದಿದಳು. ಬೇರೆ ಶರಣರು ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ ಅವರು ಕಾಯಕದೊಡನೆ ಕೂಡಿದ ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡವರು; ಯಾರ ಮುಲಾಜಿಗೂ ಒಳಗಾಗದೆ ನಿಷ್ಠುರವಾಗಿ ನುಡಿದವರು. ಆ ನಿಷ್ಠುರತೆ ಬಿಗಿದ ತುಟಿಗಳಾಗಿ ಚಿತ್ರಕ್ಕೆ ಬಂದಿತು. ಕೊನೆಯ ಹಾಳೆಯಲ್ಲಿ ಆ ಆಕೃತಿಯನ್ನು ಪೂರ್ತಿ ಕಪ್ಪು ಬಳಿದು ತೋರಿಸಿದ್ದಾಳೆ. ಹೆಸರು ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಹನ್ನೆರಡನೆಯ ಶತಮಾನದ ಶರಣರ ಮುಖವನ್ನು ಕಂಡು ಬರೆದ ಚಿತ್ರ ಯಾವುದೂ ನಮ್ಮಲ್ಲಿ ಉಳಿದಿಲ್ಲ. ನಾವು ಮನೆಯಲ್ಲಿ ಇಟ್ಟು ಪೂಜಿಸುವ ಭಾವಚಿತ್ರಗಳೆಲ್ಲ ಬಹುಕಾಲದ ಅನಂತರ ಬಂದ ಕಲಾವಿದರ ಭಕ್ತಿಯ ಕಲ್ಪನೆಗಳು. ಆದರೆ ಶರಣರ ಕಾಯಕವನ್ನು ನಾವು ಬಲ್ಲೆವು. ಮಡಿವಾಳ ಮಾಚಯ್ಯನವರ ಬಟ್ಟೆಯ ಗಂಟು, ನುಲಿಯ ಚಂದಯ್ಯನವರ ಹಗ್ಗ, ಮೇದಾರ ಕೇತಯ್ಯನವರ ಬಿದಿರು, ಮೋಳಿಗೆ ಮಾರಯ್ಯನವರ ಸೌದೆಯ ಹೊರೆ, ಇವು ಕಲ್ಪನೆಯಲ್ಲ. ಮೈಯನ್ನು ರೂಪಿಸುವುದು ದುಡಿಮೆ. ಮುಖವನ್ನು ಅರಿಯದ ಕಲಾವಿದನು ಕಾಯಕದಿಂದ ಹೊರಟರೆ ದಾರಿ ತಪ್ಪಲಾರನು. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಶರಣರ ಚಿತ್ರಗಳು ಶಾಲೆ ಕಚೇರಿಗಳಲ್ಲಿ, ಮಕ್ಕಳ ಪುಸ್ತಕಗಳಲ್ಲಿ, ಕೈಯ ಮೊಬೈಲಿನಲ್ಲಿ ಇನ್ನಷ್ಟು ಹೆಚ್ಚಲಿವೆ. ಅವು ಪರಕೀಯ ವೀರರ ಪಡಿಯಚ್ಚುಗಳಾಗಬೇಕೋ, ದುಡಿದ ಮನುಷ್ಯರ ರೂಪಗಳಾಗಬೇಕೋ ಎಂಬುದು ಇಂತಹ ಹುಡುಗಿಯರ ಕೈಯಲ್ಲಿದೆ.

ಚಿತ್ರವನ್ನು ಕೇಳಿದೊಡನೆ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು ಬಂದಿರುವಾಗ ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳುತ್ತಾರೆ. ಯಂತ್ರವು ಈಗಾಗಲೇ ಲೋಕದಲ್ಲಿರುವ ಅಸಂಖ್ಯ ಚಿತ್ರಗಳಿಂದ ಕಲಿತು ಹೊಸದೊಂದನ್ನು ಹೆಣೆಯುತ್ತದೆ. ಉಬ್ಬಿದ ತೋಳುಗಳೇ ಹೆಚ್ಚಾಗಿರುವಲ್ಲಿ ಅದು ಉಬ್ಬಿದ ತೋಳನ್ನೇ ಕೊಟ್ಟೀತು. ಈ ಭುಜ ಏಕೆ ಇಳಿದಿದೆ ಎಂದು ಕೇಳಿದರೆ ನದಿಯ ದಡದಲ್ಲಿ ಕುಳಿತು ಬಂದವಳು ಉತ್ತರ ಹೇಳುತ್ತಾಳೆ, ಆ ಉತ್ತರಕ್ಕೆ ಹೊಣೆಯೂ ಆಗುತ್ತಾಳೆ. ಯಂತ್ರವನ್ನು ಬಳಸಲಿ, ಬೇಡವೆನ್ನಲಾಗದು. ವಚನ ಪಿತಾಮಹ ಫ.ಗು. ಹಳಕಟ್ಟಿಯವರು 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದಾಗ ಅಚ್ಚಿನ ಯಂತ್ರಕ್ಕೆ ಅಂಜಲಿಲ್ಲ. ಆದರೆ ತಾಳೆಗರಿಯನ್ನು ಓದಿ ಪಾಠವನ್ನು ನಿರ್ಣಯಿಸಿದ್ದು ಅವರೇ ಹೊರತು ಯಂತ್ರವಲ್ಲ.

ಈಗ ಲಾಂಛನದ ಮಾತು. ಲೋಗೋ ಎಂದು ಎಲ್ಲರೂ ಕರೆಯುವುದು ಇದನ್ನೇ. ಪಾತ್ರ ವಿನ್ಯಾಸದಲ್ಲಿ ಒಬ್ಬ ಮನುಷ್ಯನನ್ನು ಹಿಡಿಯಬೇಕಾದರೆ ಇಲ್ಲಿ ಒಂದು ಸಂಸ್ಥೆಯ ಬಾಳನ್ನೇ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಹಿಡಿಯಬೇಕು. ಇದನ್ನು ಕಂಪ್ಯೂಟರಿನಲ್ಲಿ ಬರೆಯುವ ಕ್ರಮ ನಮ್ಮ ಹೆಣ್ಣುಮಕ್ಕಳಿಗೆ ಅಪರಿಚಿತವಾದುದಲ್ಲ. ಚುಕ್ಕಿ ಇಟ್ಟು ಎಳೆ ಎಳೆಯುವ ರಂಗೋಲಿಯಂತೆ ಇಲ್ಲಿಯೂ ಕೆಲವೇ ಬಿಂದುಗಳನ್ನು ಇಡುತ್ತಾರೆ. ಅವುಗಳ ನಡುವಣ ವಕ್ರರೇಖೆಯನ್ನು ಯಂತ್ರವು ಗಣಿತದಿಂದ ಎಳೆಯುತ್ತದೆ. ಫ್ರಾನ್ಸಿನ ರೆನೋ ಕಾರು ಕಂಪನಿಯ ಇಂಜಿನಿಯರ್ ಪಿಯರ್ ಬೆಝಿಯೆ ಎಂಬವರು 1960ರ ದಶಕದಲ್ಲಿ ಕಾರಿನ ಮೈಯ ಬಾಗುಗಳನ್ನು ರೂಪಿಸಲು ಬಳಕೆಗೆ ತಂದ ಲೆಕ್ಕಾಚಾರವಿದು. ಗೆರೆಯನ್ನು ಗಣಿತವಾಗಿ ಉಳಿಸಿಕೊಳ್ಳುವುದರಿಂದ ರಬ್ಬರ್ ಮುದ್ರೆಗೆ ಕುಗ್ಗಿಸಿದರೂ, ಜಾತ್ರೆಯ ಫಲಕಕ್ಕೆ ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಇದನ್ನೇ ವೆಕ್ಟರ್ ಚಿತ್ರವೆನ್ನುತ್ತಾರೆ. ನಮ್ಮೂರಿನ ಫ್ಲೆಕ್ಸ್ ಅಂಗಡಿಯವರು ಬಳಸುವ ಕೋರೆಲ್‌ಡ್ರಾ ಇದೇ ಬಗೆಯದು.

ಲಾಂಛನದ ಬೆಲೆ ಗೆರೆಗಳ ಸಂಖ್ಯೆಯಲ್ಲಿ ಇಲ್ಲವೆಂಬುದಕ್ಕೆ ನಮ್ಮ ರೂಪಾಯಿಯ ಚಿಹ್ನೆಯೇ ಸಾಕ್ಷಿ. ಅದಕ್ಕಾಗಿ ಕೇಂದ್ರ ಸರ್ಕಾರ ನಡೆಸಿದ ಸ್ಪರ್ಧೆಗೆ 3,000ಕ್ಕೂ ಹೆಚ್ಚು ಚಿತ್ರಗಳು ಬಂದವು. ಮುಂಬಯಿ ಐಐಟಿಯ ಅದೇ ವಿನ್ಯಾಸ ಕೇಂದ್ರದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಡಿ. ಉದಯಕುಮಾರ್ ಅವರ ಚಿತ್ರವನ್ನು 2010ರ ಜುಲೈ 15ರಂದು ಸಂಪುಟ ಸಭೆ ಒಪ್ಪಿತು. ದೇವನಾಗರಿಯ ರಕಾರ, ಅದರ ನೆತ್ತಿಯ ಗೆರೆ, ರೋಮನ್ ಲಿಪಿಯ ಆರ್ ಅಕ್ಷರ, ಇಷ್ಟೇ ಅದರ ಬಂಡವಾಳ. ಅದರಲ್ಲಿಯೂ ಆರ್ ಅಕ್ಷರದ ನಿಂತ ಕಂಬವನ್ನು ತೆಗೆದುಹಾಕಿದರು. ತೆಗೆದುದರಿಂದಲೇ ಎರಡು ಲಿಪಿಗಳು ಒಂದಾದವು.

ನಮ್ಮ ವಿದ್ಯಾರ್ಥಿನಿಯ ಕಟ್ಟಿನಲ್ಲಿಯೂ ಒಂದು ಲಾಂಛನದ ಕಥೆ ಇದೆ. ಬಡ ವಿದ್ಯಾರ್ಥಿಗಳಿಗಾಗಿ ಪ್ರಸಾದ ನಿಲಯವನ್ನು ನಡೆಸುವ ಸಂಸ್ಥೆಯೊಂದರ ಆಡಳಿತ ಮಂಡಲಿಯವರು ಲಾಂಛನ ಮಾಡಿಕೊಡಲು ಹೇಳಿದರು. ಒಬ್ಬರು ದೀಪವಿರಲಿ ಎಂದರು, ಇನ್ನೊಬ್ಬರು ಪುಸ್ತಕವೆಂದರು, ಮತ್ತೊಬ್ಬರು ಉದಯಿಸುವ ಸೂರ್ಯ, ಬಸವ, ಕಮಲ, ಕರ್ನಾಟಕದ ನಕಾಶೆ ಎಂದರು. ಸಂಸ್ಥಾಪಕರ ಭಾವಚಿತ್ರವೂ, ಸುತ್ತಲೂ ಒಂದು ಧ್ಯೇಯವಾಕ್ಯವೂ ಬೇಕೆಂದರು. ಅವನ್ನೆಲ್ಲ ತುಂಬಿ ಆಕೆ ಒಂದು ಚಿತ್ರ ಬರೆದು, ರಬ್ಬರ್ ಮುದ್ರೆಯ ಅಳತೆಗೆ ಇಳಿಸಿ ಕಾಗದದ ಮೇಲೆ ಒತ್ತಿ ತೋರಿಸಿದಳು. ಕಂಡುದು ಮಸಿಯ ಉಂಡೆ! ಆ ಹಾಳೆಯನ್ನೂ ಕಟ್ಟಿನಲ್ಲಿ ಇರಿಸಿದ್ದಾಳೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ನೆನಪಾಗದೆ ಇರದು. ಪತಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ನಮಗೆ ಬೇಕಾದುದಕ್ಕಿಂತ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಮರಳಿ ಕಳುಹಿಸಿದ ಮಹಾತಾಯಿ ಆಕೆ. ಲಾಂಛನ ರಚಿಸುವವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿಕೊಳ್ಳುವುದು ಸುಲಭ; ಬೇಡವಾದುದನ್ನು ಹಿಂದಿರುಗಿಸುವುದಕ್ಕೆ ಅರಿವು ಬೇಕು. ಹುಡುಗಿ ಪ್ರಸಾದ ನಿಲಯಕ್ಕೆ ಹೋಗಿ ಎರಡು ದಿನ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದಳು. ಅಲ್ಲಿ ಮಕ್ಕಳು ಉಂಡ ಜಾಗವನ್ನೇ ಒರಸಿ ಅಲ್ಲಿಯೇ ಪುಸ್ತಕ ಬಿಡಿಸಿ ಕೂರುತ್ತಾರೆ. ಉಣ್ಣುವ ಠಾವೂ ಓದುವ ಠಾವೂ ಒಂದೇ. ಆಕೆ ಕೊನೆಗೆ ಬರೆದುದು ಕೆಳಗೆ ಒಂದು ಅರ್ಧವೃತ್ತ, ಅದರೊಳಗಿನಿಂದ ಮೇಲೆದ್ದು ಎರಡು ಕಡೆಗೆ ಬಾಗಿದ ಎರಡು ಎಳೆ. ಬಟ್ಟಲೆಂದು ನೋಡಿದರೆ ಬಟ್ಟಲು, ತೆರೆದ ಪುಸ್ತಕವೆಂದು ನೋಡಿದರೆ ಪುಸ್ತಕ. ಮೂರೇ ಗೆರೆಗಳು. ಅದಕ್ಕೆ ಮೊದಲು ಬರೆದು ಬಿಟ್ಟ ಹಾಳೆಗಳು ಅರವತ್ತೆರಡು.

ಮಂಡಲಿಯವರು ಚಿತ್ರವನ್ನು ಒಪ್ಪಿದರು. ಆದರೆ ಸಂಭಾವನೆಯ ಮಾತು ಬಂದಾಗ "ಮೂರು ಗೆರೆಗೆ ಏನು ಕೊಡುವುದು? ನಮ್ಮ ಹುಡುಗಿಯೇ ತಾನೆ, ಸೇವೆಯೆಂದು ತಿಳಿಯಲಿ" ಎಂದರಂತೆ. ಶಾಲು ಹೊದಿಸಿ ಹಣ್ಣು ಕೊಟ್ಟು ಕಳುಹಿಸಿದರು. ಮುದ್ರೆ ಕೆತ್ತಿದವನಿಗೆ ಹಣ ಸಂದಿತು, ಕಾಗದ ಅಚ್ಚು ಹಾಕಿದವನಿಗೆ ಸಂದಿತು, ಫಲಕ ಕಟ್ಟಿದವನಿಗೂ ಸಂದಿತು. ಗೆರೆಯನ್ನು ಕಂಡುಹಿಡಿದವಳಿಗೆ ಮಾತ್ರ ಸಲ್ಲಲಿಲ್ಲ. ತಂದೆಯ ಪತ್ರದಲ್ಲಿ ನೋವು ಇರುವುದು ಇಲ್ಲಿಯೇ. ಇದರಲ್ಲಿ ಕಾಯಕವಿದೆಯೇ ಎಂದು ಅವರು ಕೇಳಿದ್ದು, ಅದಕ್ಕೆ ಕೂಲಿ ಸಿಗದುದನ್ನು ಕಂಡ ಮೇಲೆ.

ಈ ವಿಷಯದಲ್ಲಿ ನಮ್ಮ ಸಮಾಜ ಸ್ಪಷ್ಟವಾಗಿ ಯೋಚಿಸಬೇಕು. ಕಾಯಕ ಮತ್ತು ದಾಸೋಹಗಳನ್ನು ಶರಣರು ಬೇರ್ಪಡಿಸದೆ ಹೇಳಿದರು. ಆದರೆ ಅವುಗಳ ಕ್ರಮವನ್ನು ಎಂದೂ ತಲೆಕೆಳಗು ಮಾಡಲಿಲ್ಲ. ಮೊದಲು ಕಾಯಕ, ಅದರಿಂದ ಸತ್ಯಶುದ್ಧವಾದ ಗಳಿಕೆ, ಆ ಗಳಿಕೆಯಿಂದ ದಾಸೋಹ. ದಾಸೋಹವು ಕೊಡುವವರ ಮನದಿಂದ ಹುಟ್ಟಬೇಕು. ಕೇಳುವವರ ಬಾಯಿಂದ ಹುಟ್ಟಿದರೆ ಅದರ ಹೆಸರು ಬಿಟ್ಟಿ. ಬಿಟ್ಟಿ ದುಡಿಸಿಕೊಳ್ಳುವುದಕ್ಕೆ ಸೇವೆಯ ಶಾಲು ಹೊದಿಸಬಾರದು. ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಎಂಬ ವಿದ್ಯಾರ್ಥಿನಿ 1971ರಲ್ಲಿ ನೈಕಿ ಎಂಬ ಪಾದರಕ್ಷೆಯ ಕಂಪನಿಗೆ ಒಂದೇ ಬಾಗಿನ ಲಾಂಛನವನ್ನು ಬರೆದುಕೊಟ್ಟು 35 ಡಾಲರ್ ಪಡೆದಳು. ಕಂಪನಿ ಬೆಳೆದ ಮೇಲೆ, 1983ರಲ್ಲಿ, ಅದರ ಮುಖ್ಯಸ್ಥರು ಆಕೆಯನ್ನು ಕರೆಸಿ ಒಂದು ಉಂಗುರವನ್ನೂ ಕಂಪನಿಯ ಷೇರುಗಳನ್ನೂ ಕೊಟ್ಟರು. ಲಾಭಕ್ಕಾಗಿ ನಡೆಯುವ ವ್ಯಾಪಾರಸ್ಥರೇ ಹಳೆಯ ಋಣವನ್ನು ನೆನೆದರೆಂದ ಮೇಲೆ, ಕಾಯಕದ ಹೆಸರಿನಲ್ಲಿ ನಿಂತ ಸಂಸ್ಥೆಗಳು ಮೊದಲ ದಿನವೇ ಕೂಲಿಯನ್ನು ಸಲ್ಲಿಸುವುದು ಹೆಚ್ಚಿನ ಮಾತೇ? ಕೂಲಿಯನ್ನು ಪಡೆದು ಅದರಲ್ಲಿ ಒಂದು ಪಾಲನ್ನು ಆಕೆ ಪ್ರಸಾದಕ್ಕೆ ಸಲ್ಲಿಸಿದರೆ ಅದು ದಾಸೋಹ. ಆ ನಿರ್ಧಾರ ಆಕೆಯದಾಗಿರಬೇಕು.

ಪತ್ರ ಬರೆದ ಬಂಧುಗಳಿಗೆ ನನ್ನ ಉತ್ತರವಿಷ್ಟು. ಮೈಸೂರಿನ ಆರ್.ಕೆ. ಲಕ್ಷ್ಮಣರಿಗೆ ಮುಂಬಯಿಯ ಕಲಾಶಾಲೆಯಲ್ಲಿ ಪ್ರವೇಶ ದೊರೆಯಲಿಲ್ಲ; ಆದರೂ ಬರೆಯುವುದನ್ನು ಬಿಡಲಿಲ್ಲ. ಚೌಕಳಿ ಕೋಟಿನ, ಪಂಚೆಯುಟ್ಟ, ತುಟಿ ಬಿಚ್ಚದ ಅವರ ಶ್ರೀಸಾಮಾನ್ಯನು ಅರ್ಧ ಶತಮಾನ ಕಾಲ ಈ ದೇಶದ ಮನಸ್ಸನ್ನು ಆಡಿ ತೋರಿಸಿದನು. ಬೊಂಬೆ ಬರೆಯುವುದು ಸಣ್ಣ ಕೆಲಸವೆಂದು ಅನಿಸಿದಾಗ ಅವನನ್ನು ನೆನೆಯಿರಿ. ನಿಮ್ಮ ಮಗಳು ಅರವತ್ತೆರಡು ಹಾಳೆಗಳನ್ನು ಬಿಟ್ಟು ಒಂದನ್ನು ಉಳಿಸಿಕೊಳ್ಳಲು ಕಲಿತಿದ್ದಾಳೆ. ಕಾಳನ್ನು ಕೇರಿ, ಹೊಟ್ಟನ್ನು ತೂರಿ, ಗಟ್ಟಿಯನ್ನು ಉಳಿಸಿಕೊಳ್ಳುವ ಮನೆತನದಲ್ಲಿ ಹುಟ್ಟಿದವಳಿಗೆ ಈ ಗುಣ ಎಲ್ಲಿಂದ ಬಂದಿತೆಂದು ನೀವು ಬೇರೆಡೆ ಹುಡುಕಬೇಕಾಗಿಲ್ಲ. ಸಾಲದ ಚಿಂತೆ ನಿಜವಾದುದು, ಅದನ್ನು ಮಗಳೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿರಿ. ಆಕೆ ಒಪ್ಪಿಕೊಳ್ಳುವ ಪ್ರತಿ ಕೆಲಸಕ್ಕೂ ಇಂತಿಷ್ಟು ಸಂಭಾವನೆ, ಇಂತಿಷ್ಟು ದಿನ ಎಂದು ಮೊದಲೇ ಕಾಗದದಲ್ಲಿ ಬರೆದುಕೊಳ್ಳುವುದನ್ನು ಕಲಿಸಿರಿ. ವ್ಯಾಪಾರದ ಮನೆಯವರಾದ ನಿಮಗಿಂತ ಚೆನ್ನಾಗಿ ಇದನ್ನು ಯಾವ ಕಾಲೇಜೂ ಕಲಿಸಲಾರದು. ವರನ ಕಡೆಯವರು ಕೇಳಿದರೆ, ನಮ್ಮ ಮಗಳು ಅರಿವಿಗೆ ಕುರುಹು ಬರೆಯುವ ಕಾಯಕವನ್ನು ಕಲಿಯುತ್ತಿದ್ದಾಳೆಂದು ಹೇಳಿರಿ. ಅದು ಅರ್ಥವಾಗದ ಮನೆಗೆ ಅವಳನ್ನು ಕೊಡುವ ಅವಸರ ನಿಮಗೂ ಬೇಡ.

ಸಂಸ್ಥೆಗಳನ್ನು ನಡೆಸುವ ಹಿರಿಯರಲ್ಲಿಯೂ ಒಂದು ವಿನಂತಿ. ನಿಮ್ಮ ಕಾಗದದ ನೆತ್ತಿಯ ಮೇಲಿರುವ ಲಾಂಛನವನ್ನು ಇಂದು ಒಮ್ಮೆ ಕೈಯಲ್ಲಿ ಹಿಡಿದು ನೋಡಿರಿ. ಅದು ಸೂಚಿಸುವ ಕೆಲಸ ಸಂಸ್ಥೆಯೊಳಗೆ ನಡೆಯುತ್ತಿದೆಯೇ? ದೀಪವನ್ನು ಬರೆಸಿಕೊಂಡವರು ಓದುವ ಮಕ್ಕಳ ಕೊಠಡಿಗೆ ದೀಪ ಹಾಕಿಸಿದ್ದಾರೆಯೇ? ಲಾಂಛನಕ್ಕೆ ಬೆಲೆ ಬರುವುದು ಹಿಂದಿರುವ ಕೆಲಸದಿಂದ. ಹಾಗೆಯೇ, ಅದನ್ನು ಬರೆದ ಕೈಗೆ ಸಲ್ಲಬೇಕಾದುದು ಸಂದಿದೆಯೇ ಎಂದು ಲೆಕ್ಕದ ಪುಸ್ತಕವನ್ನೂ ತೆರೆದು ನೋಡಿರಿ. ಸಲ್ಲದಿದ್ದರೆ ಸಲ್ಲಿಸಲು ಕಾಲ ಮೀರಿಲ್ಲ.